ಅರ್ಧ ಜೀವದ ಶೆಲ್ಲುಗಳು

ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಎನ್ನುತ್ತಾರೆ. ಅದರ ಹೊಟ್ಟೆಯೊಳಗೆ ಇರುವುದು ಶೆಲ್ಲು. "ಬ್ಯಾಟರಿ ಬಿಡು" ಎಂದರೆ ಬೆಳಕು ಬಿಡು ಎಂದರ್ಥ. ನಾನು ಚಿಕ್ಕವಳಿದ್ದಾಗ ಅಪ್ಪಯ್ಯ ರಾತ್ರಿ ತೋಟಕ್ಕೆ ಹೋಗಿ ಬರುವಾಗ ಮೂರು ಶೆಲ್ಲಿನ ಉದ್ದನೆಯ ಬ್ಯಾಟರಿ ಹಿಡಿದಿರುತ್ತಿದ್ದ. ಅದರ ಬೆಳಕು ಹಳದಿಗೆ ತಿರುಗಿತೆಂದರೆ ಶೆಲ್ಲುಗಳು ಅಂಗಳದ ಅಡಿಕೆಯ ಪಕ್ಕದಲ್ಲಿ ಬಿಸಿಲಿಗೆ ಬೀಳುತ್ತಿದ್ದವು. ಬಿಸಿಲು ಕಂಡ ಶೆಲ್ಲು ಮತ್ತೆರಡು ದಿನ ಉಸಿರಾಡುತ್ತಿತ್ತು. ಆಮೇಲೆ ಅವಕ್ಕೆ ಟ್ರಾನ್ಸಿಸ್ಟರಿನಲ್ಲಿ ಕೆಲಸ. ಅಲ್ಲಿಯೂ ವಾರ್ತೆ ಓದುವವರ ದನಿ ಕುಗ್ಗಿದ ಮೇಲೆ ನಮ್ಮ ಕೈಗೆ ಬರುತ್ತಿದ್ದವು. ಕಲ್ಲಿನಿಂದ ಜಜ್ಜಿ ಒಳಗಿನ ಕರಿ ಕಡ್ಡಿ ತೆಗೆದು ಗೋಡೆಯ ಮೇಲೆಲ್ಲ ಬರೆದು ಬೈಸಿಕೊಳ್ಳುತ್ತಿದ್ದೆವು. ಉಳಿದ ಮಸಿಯನ್ನು ಶಾಲೆಗೆ ಒಯ್ದರೆ ಮಾಸ್ತರರು ತೊಂಡೆಸೊಪ್ಪಿನ ರಸದಲ್ಲಿ ಕಲೆಸಿ ಬೋರ್ಡಿಗೆ ಬಳಿಸುತ್ತಿದ್ದರು. ಆ ಕಾಲದ ಶೆಲ್ಲುಗಳಲ್ಲಿ ಪಾದರಸದ ಅಂಶವೂ ಇರುತ್ತಿತ್ತೆಂದು ನನಗೆ ತಿಳಿದದ್ದು ನಾನೇ ಟೀಚರಾದ ಮೇಲೆ. ಯಾವ ದೇವರು ಕಾಪಾಡಿದನೋ!

ಇಂಥ ಮನೆಯಲ್ಲಿ ಬೆಳೆದ ನನಗೆ ಹುಟ್ಟಿದ ಮಗ ಸಮುದ್ರದ ತಳಕ್ಕೆ ಇಳಿಯುವ ಕೆಲಸ ಹಿಡಿದ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ಗುಡ್ಡವಿದೆಯಲ್ಲ, ಅಲ್ಲಿಗೆ ಪ್ರವಾಸಿಗಳನ್ನು ದೋಣಿಯಲ್ಲಿ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಕೈ ಹಿಡಿದು ನೀರೊಳಗೆ ಮೀನು ತೋರಿಸುವ ಕೆಲಸ. ಇಂಜಿನಿಯರ್ ಆಗುತ್ತಾನೆಂದು ನಮ್ಮನೆಯವರು ಕಾದದ್ದು ಬೇರೆ ಕತೆ, ಅದು ಇಲ್ಲಿ ಬೇಡ. ಅಕ್ಟೋಬರಿನಿಂದ ಮೇ ತನಕ ಅವನಿಗೆ ಪುರುಸೊತ್ತಿಲ್ಲ. ಮಳೆಗಾಲ ಹಿಡಿಯಿತೆಂದರೆ ಸಾಮಾನೆಲ್ಲ ಹೊನ್ನಾವರದ ನಮ್ಮ ಮನೆಯ ಜಗಲಿಗೆ ಬಂದು ಬೀಳುತ್ತದೆ.

ಆ ಸಾಮಾನಿನಲ್ಲಿ ಶೆಲ್ಲು ಬೇಡದ ವಸ್ತುವೇ ಕಡಿಮೆ. ಕೈಗೆ ಗಡಿಯಾರದ ಹಾಗೆ ಕಟ್ಟುವ ಡೈವ್ ಕಂಪ್ಯೂಟರ್ ಎಂಬುದೊಂದು. ಎಷ್ಟು ಆಳದಲ್ಲಿದ್ದೇನೆ, ಎಷ್ಟು ಹೊತ್ತಾಯಿತು, ಇನ್ನೆಷ್ಟು ಹೊತ್ತು ಇರಬಹುದು ಎಂದು ಅದು ಲೆಕ್ಕ ಇಡುತ್ತದೆ. ಪ್ರತಿ 10 ಮೀಟರು ಇಳಿದ ಹಾಗೆ ಮೈಮೇಲೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದಂತೆ. ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದಂತೆ. ಗಡಬಡಿಸಿ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಅದು ಗುಳ್ಳೆಯಾಗುತ್ತದಂತೆ. ಇದನ್ನು ಕೇಳಿದ ದಿನ ನಾನು ಊಟ ಬಿಟ್ಟಿದ್ದೆ. ಆ ಕಂಪ್ಯೂಟರಿಗೆ ಬೇಕಾದದ್ದು ನಾಣ್ಯದಂಥ ಒಂದು ಶೆಲ್ಲು. ಸಿಆರ್ 2450 ಎಂದು ಅದರ ಹೆಸರು. 24 ಮಿಲಿಮೀಟರು ಅಗಲ, 5 ಮಿಲಿಮೀಟರು ದಪ್ಪ ಎಂಬುದೇ ಆ ಅಂಕಿಯ ಅರ್ಥ. ಇದರ ಜೊತೆಗೆ ಕಲ್ಲಿನ ಸಂದು ನೋಡಲು ಟಾರ್ಚು, ಅದು ಕೈಕೊಟ್ಟರೆಂದು ಇನ್ನೊಂದು ಟಾರ್ಚು, ಕ್ಯಾಮೆರಾ, ಅದರ ಫ್ಲಾಶು. ಬೆಂಗಳೂರಿನಿಂದ ಬರುವ ಗಿರಾಕಿಗಳಂತೂ ಫ್ಲಾಶಿಗೆ ದಿನವೂ ನಾಲ್ಕು ಹೊಸ ಪೆನ್ಸಿಲ್ ಶೆಲ್ಲು ಹಾಕಿ, ಹಿಂದಿನ ದಿನದ್ದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಸಮುದ್ರದ ನಡುವೆ ಫೋಟೋ ತಪ್ಪಿಹೋದರೆ ಎಂಬ ಹೆದರಿಕೆ ಅವರಿಗೆ.

ಆ ಬಿಟ್ಟು ಹೋದವನ್ನು ಮಗ ಚೀಲದಲ್ಲಿ ತಂದು ಹಾಕುತ್ತಿದ್ದ. ಅಪ್ಪಯ್ಯನ ಮಗಳಾದ ನನಗೆ ನಿಧಿ ಸಿಕ್ಕ ಹಾಗಾಯಿತು. ಫ್ಲಾಶಿಗೆ ಬೇಡವಾದ ಶೆಲ್ಲಿನಲ್ಲಿ ಗೋಡೆ ಗಡಿಯಾರ ತಿಂಗಳುಗಟ್ಟಲೆ ಓಡುತ್ತದೆ. ಗಡಿಯಾರಕ್ಕೆ ಬೇಕಾಗುವುದು ಇರುವೆ ತಿನ್ನುವಷ್ಟು ಕರೆಂಟು. ನಮ್ಮ ಮನೆಯ ಗಡಿಯಾರ, ಟೀವಿಯ ರಿಮೋಟು, ಅಕ್ಕಪಕ್ಕದ ಮನೆಯವು, ಕೊನೆಗೆ ಶಾಲೆಯ ಎಂಟೂ ಕೋಣೆಯ ಗಡಿಯಾರಗಳು ನೇತ್ರಾಣಿಯ ಶೆಲ್ಲಿನಲ್ಲೇ ಓಡತೊಡಗಿದವು. ಹೆಡ್‌ಮಾಸ್ಟರು ಸ್ಟಾಫ್ ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ಹೊಗಳಿಕೆ ತಲೆಗೇರಿತೆಂದೇ ಕಾಣುತ್ತದೆ.

ಹಣ್ಣಾದದ್ದನ್ನೂ ಹೊಸದನ್ನೂ ಒಂದೇ ಸ್ಟೀಲ್ ಡಬ್ಬಿಗೆ ಹಾಕಿ ಇಡುತ್ತಿದ್ದೆ. ಒಂದು ದಿನ ಡಬ್ಬಿ ಮುಟ್ಟಿದರೆ ಬೆಚ್ಚಗಿತ್ತು. ನಾಣ್ಯದ ಶೆಲ್ಲುಗಳು ಒಂದಕ್ಕೊಂದು ತಾಗಿ, ಡಬ್ಬಿಗೂ ತಾಗಿ, ತಮ್ಮಷ್ಟಕ್ಕೆ ಖರ್ಚಾಗುತ್ತಿದ್ದವು. ನಮ್ಮ ವಿಜ್ಞಾನದ ಟೀಚರಿಗೆ ಹೇಳಿದಾಗ ಆಕೆ ನಗಲಿಲ್ಲ. "ಅಕ್ಕೋರೆ, ಬೆಂಕಿ ಹತ್ತದ್ದು ನಿಮ್ಮ ಪುಣ್ಯ" ಎಂದಳು. ಅಂದಿನಿಂದ ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿದೆ. ಆದರೆ ಬುದ್ಧಿ ಪೂರ್ತಿ ಬಂದಿರಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ಮೇ ಕೊನೆಯಲ್ಲಿ ಮಗ ಕಂಪ್ಯೂಟರಿನ ಶೆಲ್ಲು ತೆಗೆದು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದ. ಪಕ್ಕದಲ್ಲೇ ಎರಡು ಶೆಲ್ಲಿನ ಪ್ಯಾಕೆಟ್ಟು, ಅದರ ಒಂದು ಗುಳಿ ಖಾಲಿ. ಮೇಜಿನ ಮೇಲಿನದು ಕನ್ನಡಿಯಂತೆ ಹೊಳೆಯುತ್ತಿತ್ತು. ಉರುಳಿ ಬಿದ್ದಿದೆಯೆಂದುಕೊಂಡೆ. ಎಷ್ಟು ಅಲಕ್ಷ್ಯದ ಹುಡುಗ ಎಂದು ಗೊಣಗುತ್ತ ಅದನ್ನು ಖಾಲಿ ಗುಳಿಗೆ ಒತ್ತಿ, ಪ್ಯಾಕೆಟ್ಟು ಮಡಚಿ, ಕಪಾಟಿನಲ್ಲಿಟ್ಟೆ. ಕೆಲಸ ಮುಗಿಯಿತು, ಮರೆತೂ ಹೋಯಿತು.

ಅಕ್ಟೋಬರಿನ ಒಂದು ಮಧ್ಯಾಹ್ನ ಅವನು ಬರಬಾರದ ಹೊತ್ತಿಗೆ ಬಂದ. ಮುಖ ನೋಡಿಯೇ ಕೇಳಿದೆ. ಬೆಳಗಿನ ಇಳಿತದಲ್ಲಿ, 14 ಮೀಟರು ಆಳದಲ್ಲಿ, ಕಂಪ್ಯೂಟರಿನ ಪರದೆ ಬೆಳ್ಳಗಾಗಿ ಹೋಗಿತ್ತಂತೆ. ಕೈಯಲ್ಲಿ ಸಾದಾ ಗಡಿಯಾರವೂ, ಆಳ ತೋರಿಸುವ ಬೇರೆ ಮಾಪಕವೂ ಇತ್ತು. ಗಿರಾಕಿಗಳನ್ನು ಜೊತೆಗಾರನಿಗೆ ಒಪ್ಪಿಸಿ, ನಿಧಾನ ಮೇಲೇರಿ, 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಬಂದನಂತೆ. "ಏನೂ ಆಗಲಿಲ್ಲ ಆಯಿ, ನೀ ಸುಮ್ನೆ ಹೆದರಡ" ಎಂದ. ಆದರೆ ಬೇರೆ ಕಂಪ್ಯೂಟರು ಕಟ್ಟಿಕೊಂಡು ಮತ್ತೆ ಇಳಿಯುವ ಹಾಗಿಲ್ಲ. ಇವನ ರಕ್ತದಲ್ಲಿ ಆಗಲೇ ಕರಗಿದ ಸಾರಜನಕದ ಲೆಕ್ಕ ಅದಕ್ಕೆ ಗೊತ್ತಿರುವುದಿಲ್ಲ. ಅದಕ್ಕೆಂದು 24 ತಾಸು ದಡದಲ್ಲೇ ಇರಬೇಕು. ಎರಡು ದಿನದ ಸಂಬಳ ಹೋಯಿತು.

"ಹೊಸ ಶೆಲ್ಲೇ ಹಾಕಿದ್ದೆ. ಮೇಲೆ ನೋಡ್ದಾಗ ಸರಿ ಇತ್ತು. ಅಂಗಡಿಯವ ಹಳೇ ಮಾಲು ದಾಟಿಸಿದ್ದ" ಎಂದು ಬೈಕು ಹತ್ತಿ ಪೇಟೆಗೆ ಹೊರಟೇಹೋದ. ಅವನು ಗೇಟು ದಾಟಿದ ಮೇಲೆ ನನಗೆ ಆ ಖಾಲಿ ಗುಳಿ ನೆನಪಾಯಿತು. ಮೇಜು, ಹೊಳೆಯುವ ನಾಣ್ಯ, ನನ್ನದೇ ಹೆಬ್ಬೆರಳು.

ಫೋನು ಮಾಡಬಹುದಿತ್ತು. ಮಾಡಲಿಲ್ಲ. ಅವನು ಅಂಗಡಿಯವರೊಂದಿಗೆ ಜಗಳಾಡಿ, ಹೊಸ ಪ್ಯಾಕೆಟ್ಟು ಬಿಟ್ಟಿಯಾಗಿ ತಂದ. ನಾನು ಬಡಿಸಿದೆ, ಅವನು ಉಂಡ. ಮೂವತ್ತು ವರ್ಷದಿಂದ ಮಕ್ಕಳಿಗೆ "ತಪ್ಪು ಮಾಡಿದವರು ತಾವಾಗಿ ಎದ್ದು ನಿಲ್ಲಿ" ಎಂದು ಹೇಳುತ್ತ ಬಂದವಳು ನಾನು. ಎದ್ದು ನಿಲ್ಲುವುದು ಎಷ್ಟು ಕಷ್ಟವೆಂದು ಆ ರಾತ್ರಿ ತಿಳಿಯಿತು. ಮಲಗುವ ಮೊದಲು ಹೇಳಿದೆ. "ಅಲ್ಲಾ ತಮಾ, ಅಂಗಡಿಯವನ ತಪ್ಪಲ್ಲ. ನಾನೇ ಹಳೇದನ್ನ ಅದ್ರೊಳಗೆ ಸೇರಿಸಿದ್ದು." ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೂಗಾಡಿದ್ದರೆ ಹಗುರಾಗುತ್ತಿತ್ತು. ಮರುದಿನ ಶಾಲೆ ಬಿಟ್ಟ ಮೇಲೆ ನಾನೇ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬಂದೆ. ಆ ಯಜಮಾನರು ನನ್ನ ಹಳೆಯ ವಿದ್ಯಾರ್ಥಿಯ ತಂದೆ. "ಹೋಗ್ಲಿ ಬಿಡಿ ಅಕ್ಕೋರೆ" ಎಂದದ್ದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಮೀಟರು ಹಿಡಿದು ನೋಡಿದ್ದರೆ ಗೊತ್ತಾಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅಪ್ಪಯ್ಯನ ಕಾಲದ ಶೆಲ್ಲು ಮುದುಕರಂತೆ ಮೆಲ್ಲಗೆ ಸೋಲುತ್ತಿತ್ತು. ಬೆಳಕು ಹಳದಿಯಾಗಿ ಮುನ್ಸೂಚನೆ ಕೊಡುತ್ತಿತ್ತು. ಈ ಲಿಥಿಯಂ ನಾಣ್ಯ ಹಾಗಲ್ಲ. ಬಹುಪಾಲು ಆಯುಸ್ಸು 3 ವೋಲ್ಟಿನ ಹತ್ತಿರವೇ ನಿಂತು, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಸುಮ್ಮನೆ ಮೀಟರು ಹಿಡಿದರೆ ಅರ್ಧ ಜೀವದ್ದೂ ಪೂರ್ತಿ ಜೀವದ್ದೂ ಹೆಚ್ಚು ಕಡಿಮೆ ಒಂದೇ ಅಂಕಿ ಹೇಳುತ್ತವೆ. ಅದರ ವಯಸ್ಸನ್ನು ನಾವೇ ಬರೆದಿಡಬೇಕು, ಬೇರೆ ದಾರಿಯಿಲ್ಲ.

ಬರೆಯುವುದು ನನ್ನ ಕಸುಬು. ಈಗ ಮನೆಗೆ ಬಂದ ಪ್ರತಿ ಪ್ಯಾಕೆಟ್ಟಿನ ಮೇಲೆ ತಾರೀಖು ಬೀಳುತ್ತದೆ. ಯಂತ್ರದಿಂದ ಹೊರಬಂದ ಶೆಲ್ಲಿಗೆ ಆ ಗಳಿಗೆಯಲ್ಲೇ ಕೆಂಪು ಪಟ್ಟಿ. ಅದು ಮತ್ತೆಂದೂ ನೀರಿಗಿಳಿಯುವ ಹಾಗಿಲ್ಲ, ಗಡಿಯಾರಕ್ಕೋ ರಿಮೋಟಿಗೋ ಹೋಗಬೇಕು. ಒಂದೇ ಟಾರ್ಚಿಗೆ ಹೊಸದೂ ಹಳೆಯದೂ ಸೇರಿಸುವುದಿಲ್ಲ. ಸೇರಿಸಿದರೆ ಸೋತದ್ದನ್ನು ಗಟ್ಟಿಯದು ಹಿಂದಕ್ಕೆ ದೂಡುತ್ತದೆ, ಅದು ಒಸರಿ ಟಾರ್ಚನ್ನೇ ಹಾಳು ಮಾಡುತ್ತದೆ. ಇನ್ನು ಖರೀದಿಯ ವಿಷಯದಲ್ಲಿ ಮಗನ ಕಿವಿಯನ್ನೂ ಹಿಂಡಬೇಕಾಯಿತು. ಅಗ್ಗವೆಂದು ಡಜನ್‌ಗಟ್ಟಲೆ ತಂದು, ಎರಡು ಮಳೆಗಾಲ ದಾಟಿಸಿ, ಬಿಳಿ ಉಪ್ಪು ಹಿಡಿದ ಮೇಲೆ ಎಸೆಯುವುದು ಅವನ ಪದ್ಧತಿ. ಕಡಲೆಬೇಳೆಯನ್ನು ಯಾರಾದರೂ ಹಾಗೆ ತರುತ್ತಾರೆಯೇ? ಕೂತು ಲೆಕ್ಕ ಹಾಕಿಸಿದೆ. ಯಾವ ಯಂತ್ರ ಒಂದು ಸೀಸನ್ನಿಗೆ ಎಷ್ಟು ತಿನ್ನುತ್ತದೋ ಅಷ್ಟು, ಮೇಲೊಂದು ಜೊತೆ, ಅಷ್ಟೇ. ಸೆಪ್ಟೆಂಬರಿನಲ್ಲಿ ತರುವುದು, ಹಳೆಯ ತಾರೀಖಿನದು ಮೊದಲು ಖಾಲಿಯಾಗುವುದು. ಕೆಲವರು ಶೆಲ್ಲನ್ನು ಫ್ರಿಜ್ಜಿನಲ್ಲಿಡುತ್ತಾರೆ. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗೆ ತೆಗೆದ ಕೂಡಲೇ ಅದರ ಮೇಲೆ ನೀರು ಕೂರುತ್ತದೆ. ನಾನು ಒಳಕೋಣೆಯ ಕಪಾಟನ್ನೇ ನಂಬಿದ್ದೇನೆ. ಮಗಳು ಮೊಮ್ಮಗುವನ್ನು ಕರೆದುಕೊಂಡು ಬಂದಾಗ ಆ ಕಪಾಟಿಗೆ ಬೀಗ. ನಾಣ್ಯದ ಶೆಲ್ಲು ಮಗುವಿನ ಗಂಟಲಿಗಿಳಿದು ಸಿಕ್ಕಿಕೊಂಡರೆ ಎರಡು ತಾಸಿನಲ್ಲಿ ಅನ್ನನಾಳವನ್ನು ಸುಟ್ಟುಬಿಡುತ್ತದೆ. ಓದುತ್ತಿರುವ ತಾಯಂದಿರು, ಅಜ್ಜಿಯಂದಿರು ಈಗಲೇ ಎದ್ದು ನಿಮ್ಮ ರಿಮೋಟಿನ ಮುಚ್ಚಳ ಗಟ್ಟಿಯಿದೆಯೇ ನೋಡಿ, ಆಮೇಲೆ ಮುಂದೆ ಓದಿ.

ದೊಡ್ಡ ಟಾರ್ಚಿಗೆ ಈಗ ಚಾರ್ಜು ಮಾಡುವ ಶೆಲ್ಲು ಬಂದಿದೆ. ಅದರದ್ದು ಬೇರೆಯೇ ಮಡಿ. ಮಳೆಗಾಲಕ್ಕೆ ಎತ್ತಿಡುವಾಗ ಹೊಟ್ಟೆ ತುಂಬಿಸಿಯೂ ಇಡಬಾರದು, ಉಪವಾಸವೂ ಕೆಡವಬಾರದು. ಅರ್ಧ ತುಂಬಿಸಿ ತಂಪಿನಲ್ಲಿಡಬೇಕು. ಅಂಡಮಾನಿಗೆ ವಿಮಾನದಲ್ಲಿ ಹೋಗುವಾಗ ಬಿಡಿ ಶೆಲ್ಲುಗಳನ್ನು ತುದಿಗೆ ಟೇಪು ಸುತ್ತಿ ಕೈಚೀಲದಲ್ಲೇ ಒಯ್ಯಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕೊಡುವ ಹಾಗಿಲ್ಲ. ಟೇಪು ಸುತ್ತುವ ಕೆಲಸ ನನ್ನದು.

ಪೂರ್ತಿ ಸತ್ತವನ್ನು ಏನು ಮಾಡುವುದು ಎಂಬುದು ಮಾತ್ರ ಬಗೆಹರಿದಿಲ್ಲ. 2022ರಲ್ಲಿ ಕೇಂದ್ರ ಸರಕಾರ ಹೊಸ ನಿಯಮ ತಂದಿದೆ. ಹಳೆಯ ಶೆಲ್ಲುಗಳನ್ನು ಮನೆಯ ಕಸದಲ್ಲಿ ಬೆರೆಸಬಾರದು, ತಯಾರಿಸಿದವರೇ ಅವನ್ನು ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕು ಎನ್ನುತ್ತದೆ. ನಾನು ವಿಚಾರಿಸಿದ ಕಡೆಯಲ್ಲೆಲ್ಲ ಜನ ನನ್ನ ಮುಖ ನೋಡಿದರು. ಹಾಗಾಗಿ ಐದು ಲೀಟರಿನ ಎಣ್ಣೆಯ ಕ್ಯಾನೊಂದು ಬಚ್ಚಲ ಹಿಂದೆ ತುಂಬುತ್ತಿದೆ. ಒಮ್ಮೆ ಬೆಂಗಳೂರಿಗೆ ಮಗಳ ಮನೆಗೆ ಒಯ್ದು ಇ-ತ್ಯಾಜ್ಯದವರಿಗೆ ಕೊಟ್ಟು ಬಂದೆ. "ಎಲ್ಲರೂ ಉಪ್ಪಿನಕಾಯಿ ತಗಂಡು ಹೋಗ್ತ, ನೀನು ಹೆಣ ಹೊತ್ಕಂಡು ಹೊರಟ್ಯ" ಎಂದು ನಮ್ಮನೆಯವರು ಬಸ್‌ಸ್ಟ್ಯಾಂಡಿನಲ್ಲಿ ನಗೆಯಾಡಿದರು. ಉಪ್ಪಿನಕಾಯಿಯೂ ಇತ್ತು, ಇನ್ನೊಂದು ಚೀಲದಲ್ಲಿ.

ಮೊನ್ನೆ ಎಂಟನೇ ಇಯತ್ತೆಗೆ ಪದ್ಯ ಮಾಡುತ್ತಿದ್ದಾಗ ಜವಾನ ಬಂದು ಆಫೀಸಿಗೆ ಫೋನು ಬಂದಿದೆ ಎಂದ. ದೋಣಿ ಹೊರಡುವ ಹೊತ್ತು, ಗಾಳಿಯ ಸದ್ದು. "ಆಯಿ, ಎರಡನೇ ಡಬ್ಬಿದು, ಸೆಪ್ಟೆಂಬರ್ ಹನ್ನೆರಡು ಅಂತ ಬರ್ದಿದ್ದೆ. ಪಟ್ಟಿ ಇಲ್ಲೆ. ಇದು ಹೊಸದೇ ಅಲ್ದಾ?" ಎಂದು ಮಗ ಕೇಳಿದ. ನನ್ನ ಕೈಬರಹ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೇಳುತ್ತಾನೆ. "ಹೊಸದೇ, ತಮಾ" ಎಂದೆ. ಹೇಳಿದ ಮೇಲೂ ಒಂದು ಗಳಿಗೆ ಫೋನು ಕೆಳಗಿಡಲಾಗಲಿಲ್ಲ. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಪುಸ್ತಕ ತೆಗೆದು ನೋಡಿದೆ. ಹನ್ನೆರಡೇ ಇತ್ತು.