ಬೆಣ್ಣೆ ಕರಗುವ ಅಕ್ಷಾಂಶ

ಅಟ್ಲಾಂಟಿಕ್ ದಾಟುವ ಹಾಯಿದೋಣಿಯವರಲ್ಲಿ ಒಂದು ಹಳೆಯ ಮಾತಿದೆ: ಬೆಣ್ಣೆ ಕರಗುವವರೆಗೆ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಹೊರಡುವವರು ಜಿಪಿಎಸ್ ಕೈಯಲ್ಲಿದ್ದೂ ಇಂದಿಗೂ ಹೆಚ್ಚುಕಡಿಮೆ ಇದನ್ನೇ ಪಾಲಿಸುತ್ತಾರೆ. ಲಾಸ್ ಪಾಲ್ಮಾಸ್‌ನಿಂದ ಸೇಂಟ್ ಲೂಸಿಯಾಕ್ಕೆ ಸುಮಾರು 2700 ನಾಟಿಕಲ್ ಮೈಲು. ನಲವತ್ತು ಅಡಿಯ ದೋಣಿಗೆ ಮೂರು ವಾರದ ದಾರಿ. ಲಂಡನ್ನಿನಲ್ಲಿ ವಿಮಾನ ಹತ್ತಿದರೆ ಅದೇ ದ್ವೀಪ ಒಂಬತ್ತು ತಾಸಿನಲ್ಲಿ ಸಿಗುತ್ತದೆ. ನನಗೆ ಮಾತ್ರ ಆ ಮೂರು ವಾರವೇ ಬೇಕು. ಬೆಚ್ಚನೆಯ ನಾಡಿಗೆ ಹೋಗುವ ಸುಖವೆಲ್ಲ ಆ ಬಿಸುಪು ಇಷ್ಟಿಷ್ಟಾಗಿ ಮೈಗೆ ಹತ್ತುವುದರಲ್ಲಿದೆ.

ಹೊರಡುವುದು ನವೆಂಬರ್ ಕೊನೆಗೆ. ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲ ಅತ್ತ ಮುಗಿಯುತ್ತಿರಬೇಕು, ಶಾಲೆಯ ಭೂಗೋಳದಲ್ಲಿ ಓದಿದ ಈಶಾನ್ಯ ವಾಣಿಜ್ಯ ಮಾರುತ ಇತ್ತ ನೆಲೆ ನಿಲ್ಲಬೇಕು. ಅಜೋರ್ಸ್ ದ್ವೀಪಗಳ ಕಡೆ ಬೀಡುಬಿಟ್ಟಿರುವ ಅಧಿಕ ಒತ್ತಡದ ವಲಯಕ್ಕೆ ಗಾಳಿ ಪ್ರದಕ್ಷಿಣೆ ಹಾಕುತ್ತಿರುತ್ತದೆ. ಆ ಪ್ರದಕ್ಷಿಣೆಯ ದಕ್ಷಿಣದ ಮಗ್ಗುಲೇ ನಮ್ಮ ಹೆದ್ದಾರಿ. ನಕಾಶೆಯಲ್ಲಿ ನೇರ ಗೆರೆ ಎಳೆದು ಹೊರಟವರು ಗಾಳಿ ಸತ್ತ ನೀರಿನಲ್ಲಿ ಹಾಯಿ ಬಡಿದುಕೊಳ್ಳುವುದನ್ನು ಕೇಳುತ್ತ ಕೂರಬೇಕಾದೀತು. ಅದಕ್ಕೇ ಮೊದಲು ಕೇಪ್ ವರ್ಡ್ ದ್ವೀಪಗಳ ದಿಕ್ಕಿಗೆ ಇಳಿಯುವುದು. 1492ರ ಸೆಪ್ಟೆಂಬರ್ 6ರಂದು ಲಾ ಗೊಮೆರಾ ದ್ವೀಪ ಬಿಟ್ಟ ಕೊಲಂಬಸ್ ಅಕ್ಟೋಬರ್ 12ಕ್ಕೆ ಬಹಾಮಾಸ್‌ನಲ್ಲಿ ನೆಲ ಕಂಡದ್ದೂ ಇದೇ ಗಾಳಿಯ ಬೆನ್ನೇರಿ. ಇದೇ ಗಾಳಿ ಆಫ್ರಿಕಾದಿಂದ ಸಂಕೋಲೆ ಹಾಕಿದ ಜನರನ್ನು ತುಂಬಿದ ಹಡಗುಗಳನ್ನೂ ಶತಮಾನಗಳ ಕಾಲ ಒಯ್ದಿತು. ಆ ನೀರಿನ ಮೇಲೆ ಸುಖವಾಗಿ ಸಾಗುವಾಗ ಅದನ್ನು ಮರೆಯಬಾರದು ಎಂದೇ ನನ್ನ ನಂಬಿಕೆ.

ಗಾಳಿ ಹಿಂದಿನಿಂದ ಬರುವುದರಿಂದ ದೊಡ್ಡ ಹಾಯಿಯನ್ನು ಒಂದು ಬದಿಗೂ ಮುಂದಿನ ಹಾಯಿಯನ್ನು ಕೋಲು ಕೊಟ್ಟು ಇನ್ನೊಂದು ಬದಿಗೂ ಚಾಚುತ್ತೇವೆ. ದೊಡ್ಡ ಹಾಯಿಯ ಬುಡದ ಅಡ್ಡತೊಲೆಯಾದ ಬೂಮ್ ಹೊರಳಿ ತಲೆಗೆ ಬಡಿಯದಂತೆ ಅದನ್ನು ಹಗ್ಗದಿಂದ ಮುಂದಕ್ಕೆ ಬಿಗಿದು ಕಟ್ಟುತ್ತೇವೆ. ಗಾಳಿಯ ದಿಕ್ಕು ಹಿಡಿದು ತಾನೇ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್ ಇರುವುದರಿಂದ ಕೈಗೆ ಬಿಡುವು ಸಿಗುತ್ತದೆ, ಕಣ್ಣಿಗಲ್ಲ. ದಿನಾ ಬೆಳಿಗ್ಗೆ ಒಂದು ಸುತ್ತು ಹಾಕಿ ಹಗ್ಗಗಳನ್ನೆಲ್ಲ ಬೆರಳಿನಿಂದ ಸವರಿ ನೋಡಬೇಕು. ಬಿರುಗಾಳಿಗಿಂತ ದೊಡ್ಡ ಶತ್ರು ಇಲ್ಲಿ ತಿಕ್ಕಾಟ. ರಾಟೆಯ ಅಂಚಿಗೆ ಒಂದೇ ಜಾಗದಲ್ಲಿ ಹಗಲೂ ರಾತ್ರಿ ಉಜ್ಜುವ ಹಗ್ಗ ಮೊದಲು ಮೆದುವಾಗುತ್ತದೆ, ಆಮೇಲೆ ಜುಂಗು ಏಳುತ್ತದೆ, ಮೂರನೆಯ ದಿನ ತುಂಡಾಗುತ್ತದೆ. ಮೆದುವಾದಾಗಲೇ ಗುರುತಿಸಿ ಒಂದು ಗೇಣು ಸಡಿಲಿಸಿ, ಉಜ್ಜುವ ಜಾಗವನ್ನು ಬದಲಿಸಿಬಿಟ್ಟರೆ ಅದೇ ಹಗ್ಗ ಆಚೆ ದಡದವರೆಗೆ ಬಾಳುತ್ತದೆ. ಈ ಕೆಲಸ ನನಗೆ ಬಹಳ ಇಷ್ಟ. ದೋಣಿಯ ಆರೋಗ್ಯವೆಲ್ಲ ಬೆರಳ ತುದಿಗೆ ಗೊತ್ತಾಗುತ್ತದೆ.

ಹೊರಟ ಮೊದಲ ರಾತ್ರಿಗಳಲ್ಲಿ ಉಣ್ಣೆಯ ಟೋಪಿ, ಎರಡು ಸ್ವೆಟರ್, ಕಾಲಿಗೆ ಬೂಟು. ಕ್ಯಾನರಿ ಸುತ್ತ ಕಡಲ ನೀರೇ 21–22 ಡಿಗ್ರಿ ಸೆಲ್ಸಿಯಸ್. ಒಂದು ಬೆಳಗಿನ ಜಾವ ಪಾಳಿಗೆ ಎದ್ದವನಿಗೆ ಟೋಪಿ ಬೇಡವೆನಿಸುತ್ತದೆ. ಮತ್ತೊಂದು ದಿನ ಬೂಟು ಒಳಗೆ ಹೋಗುತ್ತದೆ, ತಿರುಗಿ ಹೊರಗೆ ಬರುವುದಿಲ್ಲ. ಡಬ್ಬಿಯಲ್ಲಿದ್ದ ಬೆಣ್ಣೆ ಮಧ್ಯಾಹ್ನದ ಹೊತ್ತಿಗೆ ಚಮಚಕ್ಕೆ ಅಂಟದೆ ಜಾರುತ್ತದೆ. ಅಂದು ದೋಣಿಯ ಯಜಮಾನರು ಏನೂ ಹೇಳದೆ ಮೂತಿಯನ್ನು ಪಶ್ಚಿಮಕ್ಕೆ ತಿರುಗಿಸುತ್ತಾರೆ. ಸೇಂಟ್ ಲೂಸಿಯಾ ಹತ್ತಿರವಾದಾಗ ನೀರು 28 ಡಿಗ್ರಿಗೆ ಏರಿರುತ್ತದೆ. ಬಕೆಟ್ಟಿನಲ್ಲಿ ಎತ್ತಿ ತಲೆಗೆ ಸುರಿದುಕೊಂಡರೆ ಊರ ಬಾವಿಯ ಬೇಸಿಗೆ ಸ್ನಾನದ ಹಿತ.

ಆದರೆ ಬಿಸುಪನ್ನು ಅಳೆಯಲು ನನಗೆ ಬೆಣ್ಣೆಗಿಂತ ಪ್ರಿಯವಾದ ಸಾಧನ ಧ್ರುವ ನಕ್ಷತ್ರ. ಉತ್ತರ ಗೋಳಾರ್ಧದಲ್ಲಿ ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ನಾವು ಹೆಚ್ಚುಕಡಿಮೆ ಅಷ್ಟೇ ಅಕ್ಷಾಂಶದಲ್ಲಿದ್ದೇವೆ. ಸೂರ್ಯ ಮುಳುಗಿ ನಕ್ಷತ್ರಗಳು ಮೂಡಿ, ಕಡಲಂಚಿನ ಗೆರೆ ಇನ್ನೂ ಅಳಿಸದ ಆ ಸಣ್ಣ ಹೊತ್ತಿನಲ್ಲಿ ಕೋನ ಅಳೆಯುವ ಸೆಕ್ಸ್‌ಟಂಟ್ ಹಿಡಿದು ನಿಲ್ಲಬೇಕು. ಇರಬಹುದಾದ ಎತ್ತರವನ್ನು ಮೊದಲೇ ಅಂದಾಜಿಸಿ ಸೆಕ್ಸ್‌ಟಂಟನ್ನು ಅಷ್ಟಕ್ಕೆ ಇಟ್ಟುಕೊಂಡರೆ ಬರಿಗಣ್ಣಿಗೆ ಕಾಣುವ ಮೊದಲೇ ಚುಕ್ಕೆ ದುರ್ಬೀನಿನಲ್ಲಿ ಸಿಗುತ್ತದೆ. ಬೆನ್ನನ್ನು ಹಾಯಿಕಂಬಕ್ಕೆ ಒತ್ತಿ, ಮೊಣಕಾಲು ಸಡಿಲಬಿಟ್ಟು, ಅಲೆಯ ನೆತ್ತಿಗೆ ದೋಣಿ ಏರಿದ ಕ್ಷಣದಲ್ಲಿ ಚುಕ್ಕೆಯನ್ನು ದಿಗಂತದ ಗೆರೆಗೆ ಮುಟ್ಟಿಸಬೇಕು. ಅದು ಸರಿಯಾಗಿ ಧ್ರುವದ ತುದಿಯಲ್ಲಿಲ್ಲ, ಮುಕ್ಕಾಲು ಡಿಗ್ರಿಗೂ ತುಸು ಕಡಿಮೆ ದೂರದಲ್ಲಿ ಸುತ್ತುತ್ತದೆ. ನಾವಿಕರ ಪಂಚಾಂಗ ನೋಡಿ ಅದನ್ನು ಸರಿದೂಗಿಸಬೇಕು. ಒಂದು ಮಿನಿಟು ಕೋನ ಎಂದರೆ ಒಂದು ನಾಟಿಕಲ್ ಮೈಲು, 1852 ಮೀಟರ್. ಪುಟಿಯುವ ದೋಣಿಯ ಮೇಲೆ ನಿಂತು ಎರಡು ಮೂರು ಮೈಲಿನೊಳಗೆ ಉತ್ತರ ಬಂದರೆ ಅಂದಿನ ರಾತ್ರಿ ಊಟ ಹೆಚ್ಚು ರುಚಿ.

ಲಾಸ್ ಪಾಲ್ಮಾಸ್‌ನಲ್ಲಿ ಆ ಚುಕ್ಕೆ 28 ಡಿಗ್ರಿ ಎತ್ತರದಲ್ಲಿರುತ್ತದೆ. ಪ್ರಯಾಣ ಮುಂದುವರಿದಂತೆ ಸಂಜೆಯಿಂದ ಸಂಜೆಗೆ ಇಳಿಯುತ್ತ ಬಂದು, ಸೇಂಟ್ ಲೂಸಿಯಾದ ರಾಡ್ನಿ ಬೇ ತಲುಪುವಾಗ ಅರ್ಧಕ್ಕೆ, 14 ಡಿಗ್ರಿಗೆ ನಿಲ್ಲುತ್ತದೆ. ರಾಡ್ನಿ ಬೇ, ನಮ್ಮ ಮುರ್ಡೇಶ್ವರ ಎರಡೂ 14 ಡಿಗ್ರಿ 5 ಮಿನಿಟಿನ ಆಸುಪಾಸಿನಲ್ಲೇ ಇವೆ. ಮುರ್ಡೇಶ್ವರದ ಮರಳಿನ ಮೇಲೆ ಕೂತು ಚುಕ್ಕೆ ಗುರುತಿಸಲು ಕಲಿತವನಿಗೆ, ಅಪರಿಚಿತ ಸಾಗರದ ಆಚೆ ಬದಿಯಲ್ಲಿ ಅದೇ ಚುಕ್ಕೆ ಅದೇ ಎತ್ತರಕ್ಕೆ ಬಂದು ಕೂರುವುದನ್ನು ಸ್ವಂತ ಕೈಯಿಂದ ಅಳೆಯುವುದೆಂದರೆ ಸಣ್ಣ ಸಂಗತಿಯಲ್ಲ. ಬೆಳಗಿನ ಜಾವ ದಕ್ಷಿಣದಲ್ಲಿ ತ್ರಿಶಂಕು ವಾಲಿಕೊಂಡು ಏಳುತ್ತದೆ. ಅದೂ ಮನೆಯದೇ.

ರಾತ್ರಿ ಪಾಳಿಯಲ್ಲಿ ಹಿಂದೆ ನೋಡುವುದೇ ಹೆಚ್ಚು. ಮಳೆಗಾಳಿಯ ಕರಿಮೋಡ ಹಿಂದಿನಿಂದ ನಕ್ಷತ್ರಗಳನ್ನು ಒಂದೊಂದಾಗಿ ನುಂಗುತ್ತ ಬರುತ್ತದೆ. ಹದಿನೆಂಟು ನಾಟ್ ಇದ್ದ ಗಾಳಿ ನಿಮಿಷದಲ್ಲಿ ಮೂವತ್ತಕ್ಕೆ ಜಿಗಿಯಬಹುದು. ಆದ್ದರಿಂದ ಮುಂಚೆಯೇ ಹಾಯಿ ಸುತ್ತಿ ಕಿರಿದು ಮಾಡಿ, ಮೈಗೆ ಕಟ್ಟಿದ ಪಟ್ಟಿಯ ಕೊಕ್ಕೆ ಸರಿಯಾಗಿ ಸಿಕ್ಕಿದೆಯೇ ಎಂದು ಮುಟ್ಟಿ ನೋಡಿ, ಕಾಯಬೇಕು. ಕಾಲು ತಾಸು ಬೆಚ್ಚನೆಯ ಮಳೆ ಸುರಿದು ಮುಂದೆ ಹೋಗುತ್ತದೆ. ದೋಣಿಯ ಹಿಂದೆ ಕಲಕಿದ ನೀರು ಹಸಿರು ಬೆಳಕು ಚೆಲ್ಲುತ್ತಿರುತ್ತದೆ.

ಬೆಳಕಾದರೆ ಅಟ್ಟದ ಮೇಲೆ ಹಾರುವ ಮೀನುಗಳು ಸತ್ತು ಬಿದ್ದಿರುತ್ತವೆ. ಮುಳ್ಳು ಹೆಚ್ಚು, ತಿನ್ನಲು ಅಂಥದ್ದೇನಲ್ಲ. ಗಾಳಕ್ಕೆ ಡೊರಾಡೊ ಮೀನು ಬಿದ್ದ ದಿನವೇ ಹಬ್ಬ. ಅರಿಸಿನ, ಮೆಣಸಿನಪುಡಿ, ಹುಣಸೆರಸ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರೆ ದೋಣಿಯವರೆಲ್ಲ ಒಲೆಯ ಸುತ್ತ. ಇತ್ತೀಚಿನ ವರ್ಷಗಳಲ್ಲಿ ಗಾಳ ಬಿಡುವುದೇ ಕಷ್ಟವಾಗುತ್ತಿದೆ. 2011ರಿಂದೀಚೆಗೆ ಉಷ್ಣವಲಯದ ಅಟ್ಲಾಂಟಿಕ್‌ನಲ್ಲಿ ಸರ್ಗ್ಯಾಸಮ್ ಪಾಚಿ ಮೈಲುಗಟ್ಟಲೆ ತೇಲತೊಡಗಿದೆ. ಹಳದಿ ಕಂದು ಗೊಂಚಲುಗಳು ದಾರಕ್ಕೂ ಚುಕ್ಕಾಣಿಗೂ ಸುತ್ತಿಕೊಳ್ಳುತ್ತವೆ.

ನೆಲ ಮೊದಲು ಕಣ್ಣಿಗೆ ಸಿಗುತ್ತದೆ, ಮೂಗಿಗೆ ಅಲ್ಲ. ಗಾಳಿ ನಮ್ಮ ಬೆನ್ನಿಗಿರುವುದರಿಂದ ದ್ವೀಪದ ವಾಸನೆ ನಮ್ಮತ್ತ ಬರುವಂತಿಲ್ಲ. ಉತ್ತರದ ತುದಿ ಬಳಸಿ, ಪಿಜನ್ ಐಲ್ಯಾಂಡ್ ದಾಟಿ, ಗುಡ್ಡಗಳ ಮರೆಗೆ ಹೋದ ಮೇಲೆಯೇ ಹಸಿಮಣ್ಣು, ಕಟ್ಟಿಗೆ ಹೊಗೆ, ಮಾಗಿದ ಹಣ್ಣು ಒಟ್ಟಿಗೇ ಮುಖಕ್ಕೆ ಬಡಿಯುತ್ತವೆ. ಮೂರು ವಾರ ಬರೀ ಉಪ್ಪನ್ನು ಮೂಸಿದ ಮೂಗಿಗೆ ಮಾತ್ರ ಅದು ಅಷ್ಟು ಬಿಡಿಬಿಡಿಯಾಗಿ ತಿಳಿಯುತ್ತದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಹಾಗೆ ಸಿಗದು. ಹಳದಿ ಬಾವುಟ ಏರಿಸಿ, ಅಧಿಕಾರಿಗಳ ಕಾಗದಪತ್ರ ಮುಗಿಸಿ ಇಳಿದರೆ ರಸ್ತೆ ಬದಿಯಲ್ಲಿ ಕೆಂಡದ ಮೇಲೆ ದೀವಿಹಲಸು ಸುಡುತ್ತಿರುತ್ತಾರೆ.

ಇದೆಲ್ಲ ಹಣವಂತರ ಹವ್ಯಾಸವೆಂದು ದೂರ ಇಡಬೇಡಿ. ನಮ್ಮ ಸೇನೆಯ ಎಂಜಿನಿಯರ್‌ಗಳು 1985ರಿಂದ 1987ರವರೆಗೆ ‘ತೃಷ್ಣಾ’ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರು. 2017ರಲ್ಲಿ ಗೋವಾದಿಂದ ‘ತಾರಿಣಿ’ ಏರಿ ಹೊರಟ ನೌಕಾಪಡೆಯ ಆರು ಹೆಣ್ಣುಮಕ್ಕಳು ಮರುವರ್ಷ ಅದನ್ನೇ ಮಾಡಿದರು. ಸ್ವಂತ ದೋಣಿ ಇಲ್ಲದವರಿಗೂ ದಾರಿ ಇದೆ: ನವೆಂಬರಿನಲ್ಲಿ ಲಾಸ್ ಪಾಲ್ಮಾಸ್‌ನ ದೋಣಿಕಟ್ಟೆಯಲ್ಲಿ ಕೈಜನ ಹುಡುಕುವ ಯಜಮಾನರು ಸಿಗುತ್ತಾರೆ. ಪಾಳಿಯಲ್ಲಿ ನಿದ್ದೆ ಮಾಡದವರಿಗೆ, ಹಗ್ಗದ ಗಂಟು ಬಲ್ಲವರಿಗೆ, ಅಲುಗಾಡುವ ಒಲೆಯ ಮೇಲೆ ಅನ್ನ ಬೇಯಿಸಬಲ್ಲವರಿಗೆ ಜಾಗ ಇದ್ದೇ ಇರುತ್ತದೆ. ಮೊದಲು ಹತ್ತಿರದ ಕೆರೆಯಲ್ಲೋ ಹಿನ್ನೀರಿನಲ್ಲೋ ಹಾಯಿ ಹಿಡಿಯಲು ಕಲಿಯಿರಿ, ಆಮೇಲೆ ಹೋಗಿ ಬನ್ನಿ.