ನೋವಿನ ಲೆಕ್ಕ

ಅಮೆರಿಕದಲ್ಲಿ ನೆಲೆಸಿದ ಶ್ರಾವಕರೊಬ್ಬರು ಬೆನ್ನುಮೂಳೆಯ ವ್ಯಾಧಿಯಿಂದ ಉದ್ಯೋಗ ತ್ಯಜಿಸಿ, ಸೋಷಿಯಲ್ ಸೆಕ್ಯುರಿಟಿಯ ಅಂಗವೈಕಲ್ಯ ಭತ್ಯೆಗೆ ಅರ್ಜಿ ಸಲ್ಲಿಸಿದರು. ಅದು ತಿರಸ್ಕೃತವಾಯಿತು. ಮೇಲ್ಮನವಿಗಿದ್ದ 60 ದಿನಗಳೊಳಗೆ ವಕೀಲೆಯೊಬ್ಬರನ್ನು ಕಂಡರು. ಗೆದ್ದರೆ ಬಾಕಿ ಹಣದಲ್ಲಿ ಶೇ. 25, ಅದೂ 2024ರ ನವೆಂಬರಿನಲ್ಲಿ ನಿಗದಿಯಾದ 9,200 ಡಾಲರುಗಳ ಮಿತಿಯೊಳಗೆ, ಸೋತರೆ ಶುಲ್ಕವಿಲ್ಲ. ಕೈಬರಿದಾದವರಿಗೆ ಇದು ಉಪಕಾರವೇ ಸರಿ.

ದಿನಚರಿಯ ನಮೂನೆಯಲ್ಲಿ ಅವರು "ಅಡುಗೆಗೆ ನೆರವಾಗುತ್ತೇನೆ, ಮಂದಿರಕ್ಕೆ ಹೋಗುತ್ತೇನೆ" ಎಂದಷ್ಟೇ ಬರೆದಿದ್ದರು. ಎಷ್ಟು ನಿಮಿಷ ಕುಳಿತಿರಬಲ್ಲಿರಿ, ಹಿಂದಿರುಗಿದ ಮೇಲೆ ಎಷ್ಟು ಹೊತ್ತು ಮಲಗಬೇಕಾಗುತ್ತದೆ ಎಂದು ವಕೀಲೆ ಕೇಳಿದಾಗ ತಲೆತಗ್ಗಿಸಿದರು. ನೋವನ್ನು ಹೇಳಿಕೊಳ್ಳಬಾರದೆಂಬುದು ಹಿರಿಯರಿತ್ತ ಸಂಸ್ಕಾರ. ಸಹನೆ ಸದ್ಗುಣವೇ, ಆ ನಮೂನೆಯಲ್ಲಿ ಮಾತ್ರ ಅದು ಅರ್ಧಸತ್ಯವಾಗಿತ್ತು.

"ಕೊಂಚ ಹೆಚ್ಚಿಸಿಯೇ ಹೇಳಿಬಿಡಿ" ಎಂದರು ಬಂಧುವೊಬ್ಬರು. (ಇಂತಹ ಸಲಹೆಗಾರರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ.) ವಕೀಲೆ ಒಪ್ಪಲಿಲ್ಲ. 2015ರ ನಿಯಮದಂತೆ ಪ್ರತಿಕೂಲವಾದ ದಾಖಲೆಗಳನ್ನೂ ಒಪ್ಪಿಸಬೇಕು. 'ನಡಿಗೆ ಸುಧಾರಿಸಿದೆ' ಎಂಬ ವೈದ್ಯರ ಟಿಪ್ಪಣಿಯೂ ಕಡತ ಸೇರಿತು.

ಅಂದಿನಿಂದ ಅವರ ಪತ್ನಿ ಗಡಿಯಾರ ನೋಡಿ ಬರೆದಿಡತೊಡಗಿದರು: ಕುಳಿತದ್ದು 20 ನಿಮಿಷ, ಮಲಗಿದ್ದು 1 ಗಂಟೆ. ನೋವು ತಗ್ಗಿದ ದಿನಗಳನ್ನೂ ಬಿಡಲಿಲ್ಲ. ಮರುಪರಿಶೀಲನೆಯಲ್ಲಿಯೂ ನಿರಾಕರಣೆಯೇ ದೊರೆತಿದೆ. ಈಗ ನ್ಯಾಯಾಧೀಶರ ಮುಂದಿನ ವಿಚಾರಣೆಗಾಗಿ ದಂಪತಿಗಳು ಕಾಯುತ್ತಿದ್ದಾರೆ. ಪುಸ್ತಕದ ಬರವಣಿಗೆ ನಡೆದೇ ಇದೆ.