ಕನ್ನಡಿ ಇದ್ದದ್ದೋ, ಇಲ್ಲದ್ದೋ?

ಮದುವೆ, ಕುಬಸ, ತೊಟ್ಟಿಲು, ಜವಳ, ಗೃಹಪ್ರವೇಶ - ಇಂದು ನಮ್ಮ ಮನೆಗಳ ಯಾವ ಮಂಗಲ ಕಾರ್ಯವೂ ಛಾಯಾಚಿತ್ರವಿಲ್ಲದೆ ಮುಗಿಯುವುದಿಲ್ಲ. ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲ್ ಇದೆ ಎಂಬುದು ನಿಜ. ಆದರೂ ಮೊಮ್ಮಕ್ಕಳ ಕಾಲಕ್ಕೂ ಉಳಿಯುವಂತಹ ಚಿತ್ರ ಬೇಕೆನಿಸಿದಾಗ ಜನರು ನುರಿತ ಛಾಯಾಗ್ರಾಹಕರನ್ನೇ ಹುಡುಕಿಕೊಂಡು ಹೋಗುತ್ತಾರೆ. ಆದುದರಿಂದ ನಮ್ಮ ಸಣ್ಣ ಊರುಗಳ ಯುವಕ ಯುವತಿಯರಿಗೆ ಇದು ಗೌರವದ ಕಾಯಕವಾಗಿ ಉಳಿದಿದೆ. ಈ ಕಾಯಕಕ್ಕೆ ಇಳಿಯುವವರನ್ನು ಇಂದು ಮೊದಲ ಹೆಜ್ಜೆಯಲ್ಲಿಯೇ ಒಂದು ಪ್ರಶ್ನೆ ಎದುರುಗೊಳ್ಳುತ್ತದೆ. ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಬೇಕೋ, ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಬೇಕೋ? ಈ ಪ್ರಶ್ನೆ ನಮ್ಮ ಮನೆತನದಲ್ಲಿಯೂ ಎದ್ದು, ಹಲವು ದಿನಗಳ ಚರ್ಚೆಗೆ ಕಾರಣವಾಯಿತು. ಅದೇ ಬಗೆಯ ಯೋಚನೆಯಲ್ಲಿರುವ ಕುಟುಂಬಗಳಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹಿರಿಯ ಅಣ್ಣನವರು ಶಹಾಬಾದದಲ್ಲಿ ಮೂವತ್ತು ವರ್ಷ ಸ್ಟುಡಿಯೋ ನಡೆಸಿದವರು. ರೀಲಿನ ಕಾಲದಲ್ಲಿ ಆರಂಭಿಸಿ ಡಿಜಿಟಲ್ ಕಾಲವನ್ನೂ ಕಂಡವರು. ಅವರು ಲಿಂಗೈಕ್ಯರಾದ ಬಳಿಕ ಸ್ಟುಡಿಯೋದ ಬಾಗಿಲು ಮುಚ್ಚಿತು. ಉಳಿದದ್ದು ಒಂದು ಕಬ್ಬಿಣದ ಟ್ರಂಕು. ಅದರಲ್ಲಿ ಒಂದು ಫ್ಲ್ಯಾಶ್, ಒಂದು ಟ್ರೈಪಾಡ್, 50 ಮಿ.ಮೀ. ಮತ್ತು 85 ಮಿ.ಮೀ.ನ ಎರಡು ನಿಕಾನ್ ಲೆನ್ಸುಗಳು. ಇವಲ್ಲದೆ ಮಗಳ ಮದುವೆಗೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ಎರಡು ಲಕ್ಷ ರೂಪಾಯಿ. ಆ ಮಗಳು ಬಿ.ಎಸ್ಸಿ. ಮುಗಿಸಿ, ವಾಡಿಯ ಒಬ್ಬ ಛಾಯಾಗ್ರಾಹಕರ ಕೈಕೆಳಗೆ ಎರಡು ಲಗ್ನಸರಾಯಿ ಕೆಲಸ ಕಲಿತಳು. ಒಂದು ದಿನ ತಾಯಿಯನ್ನು ಕರೆದುಕೊಂಡು ಸೇಡಂನ ನಮ್ಮ ಮನೆಗೆ ಬಂದು, "ಕಾಕಾ, ಅಪ್ಪನ ಕೆಲಸ ನಾ ಮಾಡ್ತೀನಿ. ಆ ರೊಕ್ಕದಾಗ ಕ್ಯಾಮೆರಾ ತಗೊಳ್ಳಾಕ ಒಪ್ಪಿಗಿ ಕೊಡ್ರಿ" ಎಂದಳು.

ಮನೆಯ ಹಿರಿಯರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಮದುವೆಯ ಹಣವನ್ನು ಒಂದು ಯಂತ್ರಕ್ಕೆ ಸುರಿಯುವುದೇ? ನಾಳೆ ಅದು ಹಳೆಯದಾದರೆ ಗತಿಯೇನು? ಹೆಣ್ಣುಮಗಳು ರಾತ್ರಿ ಹಗಲು ಊರೂರು ತಿರುಗುವುದು ಹೇಗೆ? ಇವು ತಳ್ಳಿಹಾಕುವ ಪ್ರಶ್ನೆಗಳಲ್ಲ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನಾದುದರಿಂದ, ಯಂತ್ರದ ವಿಷಯವನ್ನು ವಿಚಾರಿಸಿ ಹೇಳುವ ಹೊಣೆ ನನ್ನ ಪಾಲಿಗೆ ಬಂದಿತು.

ಮೊದಲು ಎರಡರ ವ್ಯತ್ಯಾಸವನ್ನು ತಿಳಿಯೋಣ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಮೂಲಕ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ತಾಗಿ, ಮೇಲಿನ ಪಟ್ಟಕದ ಮೂಲಕ ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಮಡಚಿಕೊಂಡು, ಷಟರ್ ತೆರೆದು, ಬೆಳಕು ಹಿಂದಿನ ಸೆನ್ಸರಿನ ಮೇಲೆ ಬೀಳುತ್ತದೆ. ನಾವು ಕೇಳುವ 'ಖಟ್' ಸದ್ದಿನಲ್ಲಿ ಹೆಚ್ಚಿನ ಪಾಲು ಆ ಕನ್ನಡಿಯದೇ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯೂ ಇಲ್ಲ, ಪಟ್ಟಕವೂ ಇಲ್ಲ. ಬೆಳಕು ನೇರವಾಗಿ ಸೆನ್ಸರಿಗೆ ಬೀಳುತ್ತದೆ. ಅದು ಕಂಡದ್ದನ್ನು ಒಂದು ಪುಟ್ಟ ವಿದ್ಯುತ್ ಪರದೆ ನಮಗೆ ತೋರಿಸುತ್ತದೆ.

ಛಾಯಾಗ್ರಹಣದಲ್ಲಿ ಬದಲಾವಣೆ ಹೊಸದೇನಲ್ಲ. ನಮ್ಮ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ಲಾಲಾ ದೀನ್ ದಯಾಳರು (1844-1905) ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆಯುತ್ತಿದ್ದರು. ಗಾಜು ಹೋಗಿ ರೀಲು ಬಂದಿತು. 1959ರಲ್ಲಿ ನಿಕಾನ್ ಎಫ್ ಎಂಬ ಕನ್ನಡಿಯ ಕ್ಯಾಮೆರಾ ಹೊರಬಂದಿತು. 1999ರ ನಿಕಾನ್ ಡಿ1 ಡಿಜಿಟಲ್ ಯುಗವನ್ನು ವೃತ್ತಿಪರರ ಕೈಗೆ ತಂದಿತು. 2008ರಲ್ಲಿ ಪ್ಯಾನಾಸೋನಿಕ್ ಜಿ1, 2013ರಲ್ಲಿ ಸೋನಿ ಎ7 ಕನ್ನಡಿಯನ್ನು ತೆಗೆದುಹಾಕಿದವು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ತಮ್ಮ ದೊಡ್ಡ ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾಗಳನ್ನು ತಂದ ಮೇಲೆ, ಹೊಸ ಸಂಶೋಧನೆಯೆಲ್ಲ ಬಹುಮಟ್ಟಿಗೆ ಆ ಕಡೆಗೇ ಹರಿಯಿತು. ಹೀಗಿರುವಾಗ ಕನ್ನಡಿಯ ಕ್ಯಾಮೆರಾವನ್ನು ಇನ್ನೂ ಯಾರಾದರೂ ಕೊಳ್ಳಬೇಕೇ ಎಂಬ ಸಂಶಯ ಸಹಜ. ಅದಕ್ಕೆ ಉತ್ತರವನ್ನು ಕಂಪನಿಗಳ ಜಾಹೀರಾತಿನಲ್ಲಿ ಹುಡುಕದೆ ನಮ್ಮ ಊರುಗಳಲ್ಲಿಯೇ ಹುಡುಕೋಣ ಎಂದು ನಾನು ಹೇಳಿದೆ.

ಮಗಳು ಪರಿಚಯದವರಿಂದ ಎರಡು ಕ್ಯಾಮೆರಾಗಳನ್ನು ಕೆಲವು ದಿನಗಳ ಮಟ್ಟಿಗೆ ಕೇಳಿ ತಂದಳು. ಒಂದು 2014ರಲ್ಲಿ ಬಂದ ನಿಕಾನ್ ಡಿ750, ಕನ್ನಡಿಯುಳ್ಳದ್ದು. ಇನ್ನೊಂದು 2020ರ ನಿಕಾನ್ ಝಡ್6-2, ಕನ್ನಡಿಯಿಲ್ಲದ್ದು. ಶಹಾಬಾದ, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಈ ಎಲ್ಲ ಊರುಗಳಿಗೂ ರೈಲು ಉಂಟು. ಚಿಂಚೋಳಿಗೆ ಮಾತ್ರ ಬಸ್ಸೇ ಗತಿ. ಅವಳ ಕೆಲಸದ ಸೀಮೆಯೂ ಅಷ್ಟೇ. ಆದ್ದರಿಂದ ಎರಡನ್ನೂ ಚೀಲದಲ್ಲಿಟ್ಟುಕೊಂಡು ಅದೇ ದಾರಿಯಲ್ಲಿ ತಿರುಗಿ ಬಂದಳು.

ಮೊದಲ ಪರೀಕ್ಷೆ ತೂಕದ್ದು. ಮಿರರ್‌ಲೆಸ್ ಬಹಳ ಹಗುರ ಎಂದು ಎಲ್ಲರೂ ಹೇಳುತ್ತಾರೆ. ಬ್ಯಾಟರಿ, ಕಾರ್ಡು ಸಹಿತ ಡಿ750 ಸುಮಾರು 840 ಗ್ರಾಂ. ಝಡ್6-2 ಸುಮಾರು 705 ಗ್ರಾಂ. ಉಳಿತಾಯ 135 ಗ್ರಾಂ ಮಾತ್ರ. ಮಂದ ಬೆಳಕಿನ ಮಂಟಪಕ್ಕೆ ಬೇಕಾಗುವ ದೊಡ್ಡ ಲೆನ್ಸುಗಳು ಎರಡಕ್ಕೂ ಭಾರವೇ. ಭುಜ ನೋಯಿಸುವುದು ಚೀಲವೆಲ್ಲ ಸೇರಿದ ಭಾರವೆಂಬುದು ಅವಳಿಗೆ ವಾಡಿಯ ಮೇಲ್ಸೇತುವೆ ಹತ್ತಿ ಇಳಿಯುವಾಗಲೇ ತಿಳಿಯಿತು.

ಎರಡನೆಯದು ಧೂಳು. ಶಹಾಬಾದಿನ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ, ಸೇಡಂಗಳ ಸಿಮೆಂಟಿಗೂ ಅದೇ ಸುಣ್ಣಗಲ್ಲು ಮೂಲ. ಕಲ್ಲು ಕೊಯ್ಯುವಲ್ಲಿ, ಲಾರಿಗಳು ಓಡಾಡುವಲ್ಲಿ ಏಳುವ ಬಿಳಿ ಧೂಳು ನಮ್ಮ ಕಿಟಕಿಗಳಿಗೂ ಪರಿಚಿತ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಬಿಚ್ಚಿದಾಗ ಕನ್ನಡಿಯೂ ಮುಚ್ಚಿದ ಷಟರೂ ಸೆನ್ಸರಿಗೆ ಮರೆಯಾಗಿರುತ್ತವೆ. ಹಲವು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಲೆನ್ಸ್ ಬಿಚ್ಚಿದೊಡನೆ ಸೆನ್ಸರ್ ಬಯಲಿಗೆ ಬೀಳುತ್ತದೆ. ಬಿಚ್ಚುವಾಗ ಷಟರನ್ನು ಮುಚ್ಚಿಕೊಳ್ಳುವ ಮಾದರಿಗಳೂ ಇವೆ, ಝಡ್6-2 ಅಂತಹದಲ್ಲ. ಸೆನ್ಸರಿನ ಮೇಲೆ ಧೂಳು ಕುಳಿತಿದೆಯೇ ಎಂದು ನೋಡಲು ಒಂದು ಸುಲಭ ಉಪಾಯವಿದೆ. ಲೆನ್ಸಿನ ರಂಧ್ರವನ್ನು ಎಫ್/16ಕ್ಕೆ ಕಿರಿದುಗೊಳಿಸಿ, ಬರಿಯ ಆಕಾಶದ ಚಿತ್ರ ತೆಗೆದರೆ ಧೂಳಿನ ಕಣಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಶಹಾಬಾದದ ರಸ್ತೆಯಂಚಿನಲ್ಲಿ ಎರಡರ ಲೆನ್ಸನ್ನೂ ಬದಲಿಸಿದ ಮೇಲೆ ತೆಗೆದ ಆಕಾಶದಲ್ಲಿ, ಮಿರರ್‌ಲೆಸ್‌ನ ಚಿತ್ರದಲ್ಲಿಯೇ ಚುಕ್ಕೆಗಳು ಹೆಚ್ಚಾಗಿದ್ದವು.

ಮೂರನೆಯದು ಬ್ಯಾಟರಿ. ಜಪಾನಿನ ಕ್ಯಾಮೆರಾ ತಯಾರಕರ ಸಂಘವು ಗೊತ್ತುಪಡಿಸಿದ ಅಳತೆಯ ಪ್ರಕಾರ ಡಿ750 ಒಂದು ಬ್ಯಾಟರಿಗೆ ಸುಮಾರು 1,230 ಚಿತ್ರ ತೆಗೆಯುತ್ತದೆ. ಝಡ್6-2 ಕಣ್ಣಿಟ್ಟು ನೋಡುವ ಪರದೆಯನ್ನು ಬಳಸಿದಾಗ ಸುಮಾರು 340. ಸತತವಾಗಿ ತೆಗೆಯುವಾಗ ಎರಡೂ ಇದಕ್ಕಿಂತ ಹೆಚ್ಚು ಕೊಡುತ್ತವೆಯಾದರೂ ಅಂತರ ಅಂತರವೇ. ಕನ್ನಡಿಯ ಮೂಲಕ ನೋಡಲು ವಿದ್ಯುತ್ ಬೇಡ. ಪರದೆಗೆ ಅದು ಸದಾ ಬೇಕು. ಆದರೆ ಹೊಸ ಕ್ಯಾಮೆರಾವನ್ನು ಮೊಬೈಲಿನಂತೆ ಪವರ್ ಬ್ಯಾಂಕಿಗೆ ಜೋಡಿಸಿ ಚಾರ್ಜು ಮಾಡಬಹುದೆಂಬುದನ್ನೂ ಹೇಳಬೇಕು.

ಇಷ್ಟು ಕೇಳಿದವರು ಕನ್ನಡಿಯ ಪಕ್ಷವೇ ಗೆದ್ದಿತೆಂದು ತಿಳಿಯಬಾರದು. ನಮ್ಮ ಸಂಬಂಧಿಕರ ಮನೆಯಲ್ಲಿ ಒಬ್ಬ ಹುಡುಗನಿಗೆ ಲಿಂಗದೀಕ್ಷೆ ನಡೆಯಿತು. ಅಂಗೈಯಲ್ಲಿ ಇಷ್ಟಲಿಂಗವಿರಿಸಿಕೊಂಡು ಹುಡುಗ ದೃಷ್ಟಿ ನೆಟ್ಟು ಕುಳಿತಿದ್ದ, ಮನೆಯೆಲ್ಲ ನಿಶ್ಶಬ್ದ. ಮಿರರ್‌ಲೆಸ್ ಹಿಡಿದು ಮೂಲೆಯಲ್ಲಿ ನಿಂತ ಮಗಳು ಮೂವತ್ತು ಚಿತ್ರ ತೆಗೆದದ್ದು ಯಾರ ಗಮನಕ್ಕೂ ಬರಲಿಲ್ಲ. ಡಿ750ನ ಮೊದಲ 'ಖಟ್' ಸದ್ದಿಗೇ ಹುಡುಗ ಕಣ್ಣೆತ್ತಿ ನೋಡಿದ. ಪೂಜೆಯ ಏಕಾಗ್ರತೆಗೆ ಭಂಗ ತಾರದಿರುವುದು ಸಣ್ಣ ಗುಣವಲ್ಲ. ಆದರೂ ಸದ್ದಿಲ್ಲದ ಷಟರಿನಲ್ಲಿ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ಮೇಲೆ ಪಟ್ಟೆಗಳು ಮೂಡುವುದುಂಟು. ಮಂಟಪದಲ್ಲಿ ಇದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಇನ್ನೂ ಎರಡು ಗುಣಗಳನ್ನು ಹೇಳಬೇಕು. ಹೊಸ ಕ್ಯಾಮೆರಾ ಮನುಷ್ಯರ ಕಣ್ಣನ್ನು ತಾನೇ ಗುರುತಿಸಿ ಅದರ ಮೇಲೆಯೇ ಫೋಕಸ್ ನಿಲ್ಲಿಸುತ್ತದೆ. ಅಕ್ಕಿಕಾಳು ಬೀಳುವ ಗದ್ದಲದಲ್ಲಿ ವಧುವಿನ ಕಣ್ಣು ಮಸುಕಾಗದಿರುವುದು ದೊಡ್ಡ ಅನುಕೂಲ. ವಿಡಿಯೋ ತೆಗೆಯುವಾಗಲೂ ಫೋಕಸ್ ಸರಾಗವಾಗಿ ಹಿಂಬಾಲಿಸುತ್ತದೆ. ಡಿ750 ಈ ವಿಷಯದಲ್ಲಿ ಹಿಂದುಳಿದದ್ದು. ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಗಿದೆ. ಅಲ್ಲಿನ ಚಂದ್ರಂಪಳ್ಳಿಯ ನೀರಿನಂಚಿನಲ್ಲಿ ಹಕ್ಕಿಗಳನ್ನು ತೆಗೆಯುವ ಹವ್ಯಾಸಿ ನನ್ನನ್ನು ಕೇಳಿದರೆ, ಸದ್ದಿಲ್ಲದ ಕ್ಯಾಮೆರಾವನ್ನೇ ಕೊಳ್ಳಿರಿ ಎಂದು ನಾನು ಹೇಳುತ್ತೇನೆ.

ಹಾಗಾದರೆ ತೀರ್ಮಾನ ಹೇಗಾಯಿತು? ಅದನ್ನು ಮಾಡಿದ್ದು ಟ್ರಂಕಿನಲ್ಲಿದ್ದ ಲೆನ್ಸುಗಳು. ಅಣ್ಣನವರ ಎರಡು ಲೆನ್ಸುಗಳೂ ಎ.ಎಫ್.-ಡಿ ಮಾದರಿಯವು. ಇವುಗಳಲ್ಲಿ ಫೋಕಸ್ ತಿರುಗಿಸುವ ಮೋಟಾರು ಇಲ್ಲ; ಕ್ಯಾಮೆರಾದೊಳಗಿನ ಮೋಟಾರು ಒಂದು ತಿರುಪಿನ ಮೂಲಕ ಅವನ್ನು ತಿರುಗಿಸಬೇಕು. ಡಿ750ರಲ್ಲಿ ಆ ಮೋಟಾರು ಇದೆ. ಝಡ್ ಕ್ಯಾಮೆರಾಗಳಿಗೆ ಹಳೆಯ ಲೆನ್ಸ್ ಜೋಡಿಸಲು ನಿಕಾನ್ ಕಂಪನಿ ಮಾಡಿದ ಅಡಾಪ್ಟರಿನಲ್ಲಿ ಅದಿಲ್ಲ. ಕನ್ನಡಿಗೆ ಜಾಗ ಬೇಕಿದ್ದಾಗ ಲೆನ್ಸಿನ ಬಾಯಿಯಿಂದ ಸೆನ್ಸರಿಗೆ 46.5 ಮಿ.ಮೀ. ಅಂತರವಿತ್ತು, ಕನ್ನಡಿ ಹೋದ ಮೇಲೆ ಅದು 16 ಮಿ.ಮೀ.ಗೆ ಇಳಿಯಿತು. ಅಡಾಪ್ಟರು ಆ ಅಂತರವನ್ನು ತುಂಬುತ್ತದೆ, ಈ ಲೆನ್ಸುಗಳ ಫೋಕಸನ್ನು ಮಾತ್ರ ಕೈಯಿಂದಲೇ ತಿರುಗಿಸಬೇಕು. ಓಡಾಡುವ ಮದುವೆಮನೆಯಲ್ಲಿ ಅದು ಕಷ್ಟ. ಹೊಸ ಮಿರರ್‌ಲೆಸ್ ಮತ್ತು ಅದಕ್ಕೆ ಒಪ್ಪುವ ಎರಡು ಒಳ್ಳೆಯ ಲೆನ್ಸುಗಳನ್ನು ಕೊಂಡರೆ ಎರಡು ಲಕ್ಷವೂ ಸಾಲದು. ಬಳಸಿದ ಡಿ750 ಆ ಮೊತ್ತದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಗೆ ಸಿಗುವಂತಿತ್ತು. ವಿಡಿಯೋ ಕೆಲಸವನ್ನು ವಾಡಿಯ ಅವಳ ಗುರುಗಳೇ ಜೊತೆಯಾಗಿ ಮಾಡಲು ಒಪ್ಪಿದರು.

ಈ ಲೆಕ್ಕವನ್ನೆಲ್ಲ ಹಿರಿಯರ ಮುಂದೆ ಇಟ್ಟೆ. ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಅತ್ತಿಗೆಯವರು, "ಮದುವಿಗಂತ ಇಟ್ಟ ರೊಕ್ಕ ಮದುವಿಗೇ ಹೋಗ್ಲಿ ಬಿಡ್ರಿ, ಊರಮಂದಿ ಮದುವಿಗೆ ಹೋಗ್ಲಿ. ದುಡಿದು ಆಕಿನೇ ತುಂಬ್ತಾಳ" ಎಂದರು. ಅಣ್ಣನ ಬೆವರಿನ ಹಣದ ಬಗ್ಗೆ ಅವರಿಗಿಂತ ಹೆಚ್ಚು ಮಾತನಾಡುವ ಅಧಿಕಾರ ಯಾರಿಗೂ ಇರಲಿಲ್ಲ. ಉಳಿದ ಹಣ ಬ್ಯಾಂಕಿನಲ್ಲಿಯೇ ಇರಲಿ, ರಾತ್ರಿಯ ಕಾರ್ಯಗಳಿಗೆ ತಾಯಿಯೋ ತಮ್ಮನೋ ಜೊತೆಗೆ ಹೋಗಲಿ ಎಂಬ ಒಪ್ಪಂದದೊಡನೆ ಚರ್ಚೆ ಮುಗಿಯಿತು.

ಬಳಸಿದ ಕ್ಯಾಮೆರಾ ಕೊಳ್ಳುವಾಗ ಕೆಲವು ಎಚ್ಚರಿಕೆ ಬೇಕು. ಷಟರ್ ಎಷ್ಟು ಸಲ ತೆರೆದಿದೆ ಎಂಬ ಲೆಕ್ಕ ನಿಕಾನ್‌ನಲ್ಲಿ ತೆಗೆದ ಚಿತ್ರದ ಮಾಹಿತಿಯಲ್ಲಿಯೇ ದಾಖಲಾಗುತ್ತದೆ. ಡಿ750ನ ಷಟರನ್ನು 1,50,000 ಸಲದವರೆಗೆ ಪರೀಕ್ಷಿಸಲಾಗಿದೆಯೆಂದು ಕಂಪನಿ ಹೇಳುತ್ತದೆ. ನಮಗೆ ಸಿಕ್ಕದ್ದು 40,000ಕ್ಕಿಂತ ಕಡಿಮೆ ಸಲ ತೆರೆದಿತ್ತು. ಆಕಾಶದ ಚಿತ್ರ ತೆಗೆದು ಸೆನ್ಸರ್ ನೋಡಿದೆವು. ಎರಡು ಕಾರ್ಡುಗಳ ಕಂಡಿಗಳೂ ಸರಿಯಾಗಿವೆಯೇ ಎಂದು ಪರೀಕ್ಷಿಸಿದೆವು. ಮದುವೆಯ ಮುಹೂರ್ತ ಎರಡನೆಯ ಸಲ ಬರುವುದಿಲ್ಲ. ಒಂದು ಕಾರ್ಡು ಕೆಟ್ಟರೂ ಇನ್ನೊಂದರಲ್ಲಿ ಚಿತ್ರ ಉಳಿಯಬೇಕು. ಹಣ ಕೊಟ್ಟದ್ದಕ್ಕೆ ಬಿಲ್ಲನ್ನೂ ಬರೆಸಿಕೊಂಡೆವು.

ಅವಳು ಸ್ವತಂತ್ರವಾಗಿ ಮಾಡಿದ ಮೊದಲ ಕೆಲಸ ಚಿಂಚೋಳಿ ತಾಲೂಕಿನ ಒಂದು ಹಳ್ಳಿಯ ಸಾಮೂಹಿಕ ವಿವಾಹ. ವೈಶಾಖದ ಬಿಸಿಲು, ಬೆಳಗಿನಿಂದಲೇ ವಿದ್ಯುತ್ ಇಲ್ಲ, ಹನ್ನೊಂದು ಜೋಡಿಗಳು. ಒಂದೇ ಬ್ಯಾಟರಿಯಲ್ಲಿ ಸಂಜೆಯವರೆಗೆ ದುಡಿದಳು. ಅಲ್ಲಿಂದ ಬಂದ ಸಂಪಾದನೆಯಲ್ಲಿ ಮೊದಲ ಕಂತನ್ನು ತಾಯಿಯ ಪಾಸ್‌ಬುಕ್ಕಿಗೆ ತುಂಬಿದಳು. ಈಗ ಹಣ ಪೂರ್ತಿ ಮರಳಿಲ್ಲ. ಆದರೆ ಪ್ರತಿ ಲಗ್ನಸರಾಯಿಯಲ್ಲಿ ತುಂಬುತ್ತ ಬಂದಿದೆ. ಅದು ತುಂಬಿದ ಮೇಲೆ ಮಿರರ್‌ಲೆಸ್ ಕೊಳ್ಳುವ ಯೋಚನೆ ಅವಳಿಗಿದೆ, ನನ್ನ ಒಪ್ಪಿಗೆಯೂ ಇದೆ.

ಓದುಗ ಬಂಧುಗಳಲ್ಲಿ ಯಾರಾದರೂ ಮಕ್ಕಳಿಗೆ ಕ್ಯಾಮೆರಾ ಕೊಡಿಸುವ ಯೋಚನೆಯಲ್ಲಿದ್ದರೆ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಹಳೆಯ ಲೆನ್ಸುಗಳು ಇಲ್ಲದಿದ್ದರೆ, ಎಲ್ಲವನ್ನೂ ಹೊಸದಾಗಿಯೇ ಕೊಳ್ಳಬೇಕಿದ್ದರೆ, ವಿಡಿಯೋ ಕೆಲಸವೂ ಇದ್ದರೆ, ಶಕ್ತಿಯೊಳಗಿನ ಮಿರರ್‌ಲೆಸ್ ಕೊಳ್ಳಿರಿ. ಮುಂದಿನ ಲೆನ್ಸುಗಳು ಬರುವುದು ಅದಕ್ಕೇ. ಹಳೆಯ ಲೆನ್ಸುಗಳಿದ್ದು, ಸಾಲ ಮಾಡದೆ ದುಡಿಮೆ ಆರಂಭಿಸಬೇಕಿದ್ದರೆ, ಚೆನ್ನಾಗಿರುವ ಹಳೆಯ ಡಿಎಸ್‌ಎಲ್‌ಆರ್ ಇನ್ನೂ ಅನೇಕ ವರ್ಷ ಅನ್ನ ಕೊಡಬಲ್ಲದು. ಕೊಳ್ಳುವ ಮೊದಲು ಎರಡನ್ನೂ ಕೇಳಿ ತಂದು, ನೀವು ನಿಜವಾಗಿ ದುಡಿಯುವ ಊರಿನ ಬಿಸಿಲು, ಧೂಳು, ದಾರಿಗಳಲ್ಲಿ ಒಂದು ದಿನವಾದರೂ ಬಳಸಿ ನೋಡಿರಿ. ಹಾಗೆಯೇ ಹಣದ ಲೆಕ್ಕವನ್ನು ಮನೆಯವರೆಲ್ಲರ ಮುಂದೆ, ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ಬಿಡಿಸಿ ಹೇಳಿರಿ. ಒಪ್ಪಿಗೆಯಿಂದ ಮನೆಗೆ ಬಂದ ಸಾಧನವನ್ನು ಕೊಂಡವರೂ ಜೋಪಾನ ಮಾಡುತ್ತಾರೆ, ಮನೆಯವರೂ ಜೋಪಾನ ಮಾಡುತ್ತಾರೆ.